ಕ್ಲಾರ್ಕ್ ಫೋರ್ಕ್‌ಲಿಫ್ಟ್ ಕಂಪನಿಯ ಚರಿತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋರ್ಕ್‌ಲಿಫ್ಟ್ (ಮುಂದಿರುವ ಕಬ್ಬಿಣದ ಕೋಲುಗಳಿಂದ, ಅಂದರೆ ಫೋರ್ಕ್‌ನಿಂದ, ಭಾರ ಎತ್ತಿ ಸಾಗಿಸುವ ಗಾಡಿ) ಮಾಡುವ ಕಂಪನಿಗಳು ಎಷ್ಟೋ ಇವೆ. ಕ್ಲಾರ್ಕ್ ಬಗ್ಗೆಯೇ ಯಾಕೆ ಓದಬೇಕು?

ಇವತ್ತು ಟೊಯೋಟಾ, ಲಿಂಡೆ, ಯುಂಗ್‌ಹೈನ್ರಿಕ್, ಹೈಸ್ಟರ್, ಯೇಲ್ ಅಂತ ದೊಡ್ಡ ದೊಡ್ಡ ಹೆಸರುಗಳಿವೆ. ವ್ಯಾಪಾರದಲ್ಲಿ ಕ್ಲಾರ್ಕ್ ಈಗ ಇವರಷ್ಟು ದೊಡ್ಡದಲ್ಲ. ಆದರೆ ಫೋರ್ಕ್‌ಲಿಫ್ಟ್‌ಗೆ ಈಗಿರುವ ರೂಪ ಹೇಗೆ ಬಂತು ಅಂತ ತಿಳಿಯಬೇಕಾದರೆ ಕ್ಲಾರ್ಕ್ ಕಥೆಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಈ ಕಂಪನಿ ಮಾಡಿದ ಒಳ್ಳೆಯ ಯಂತ್ರಗಳ ಹಿಂದೆ ಒಂದು ಸಮಾನ ಅಂಶವಿದೆ. ಕಾರ್ಖಾನೆಯ ನೆಲದ ಮೇಲೆ ದಿನವೂ ಕಾಣುವ ಕಷ್ಟದಿಂದಲೇ ಅವು ಹುಟ್ಟಿದವು. ನನಗೆ ಈ ಕಥೆ ಇಷ್ಟವಾಗುವುದೂ ಅದಕ್ಕೇ.

ಕ್ಲಾರ್ಕ್ ಶುರುವಾಗಿದ್ದು ಫೋರ್ಕ್‌ಲಿಫ್ಟ್ ಮಾಡುವುದಕ್ಕಾಗಿಯೇ?

ಅಲ್ಲ. ಶುರುವಾಗಿದ್ದು ರೈಲು ಹಳಿಗೆ ತೂತು ಕೊರೆಯುವ ಡ್ರಿಲ್‌ಗಳಿಂದ. 1903ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಜಾರ್ಜ್ ಆರ್. ರಿಚ್ ಮ್ಯಾನುಫ್ಯಾಕ್ಚರಿಂಗ್ ಅನ್ನುವ ಸಣ್ಣ ಕಂಪನಿ ಹುಟ್ಟಿತು. ಇಲಿನಾಯ್ ಸ್ಟೀಲ್ ಕಂಪನಿಯ ಕೆಲವು ಅಧಿಕಾರಿಗಳು ಅದಕ್ಕೆ ದುಡ್ಡು ಹಾಕಿದ್ದರು. ಮರುವರ್ಷವೇ ಅದು ಮಿಶಿಗನ್ ರಾಜ್ಯದ ಬುಕ್ಯಾನನ್ ಎಂಬ ಪುಟ್ಟ ಊರಿಗೆ ಬಂತು. ಅಲ್ಲಿ ಸೇಂಟ್ ಜೋಸೆಫ್ ನದಿಯ ನೀರಿನಿಂದ ತೆಗೆದ ವಿದ್ಯುತ್ ಅಗ್ಗವಾಗಿ ಸಿಗುತ್ತಿತ್ತು.

ಕಂಪನಿ ಬೇಗನೆ ಕಷ್ಟಕ್ಕೆ ಸಿಕ್ಕಿಕೊಂಡಿತು. ಆಗ ಏನಾಗುತ್ತಿದೆ ಅಂತ ನೋಡಲು ಬಂದವರು ಇಲಿನಾಯ್ ಸ್ಟೀಲ್‌ನಲ್ಲಿದ್ದ ಯೂಜೀನ್ ಬಿ. ಕ್ಲಾರ್ಕ್. ನೋಡಲು ಬಂದವರು ಅಲ್ಲೇ ಉಳಿದರು. ಕಂಪನಿಗೆ ಸೆಲ್ಫರ್ ಟೂಲ್ ಅಂತ ಹೊಸ ಹೆಸರು ಬಂತು. ಡ್ರಿಲ್ ಜೊತೆಗೆ ಮೋಟಾರು ಲಾರಿಗಳ ಆಕ್ಸಲ್ (ಚಕ್ರಗಳ ಇರುಸು), ಉಕ್ಕಿನ ಚಕ್ರ ಇಂಥವೂ ಸೇರಿದವು. 1916ರಲ್ಲಿ ಸೆಲ್ಫರ್ ಟೂಲ್ ಮತ್ತು ಬುಕ್ಯಾನನ್ ಎಲೆಕ್ಟ್ರಿಕ್ ಸ್ಟೀಲ್ ಒಂದಾಗಿ ಕ್ಲಾರ್ಕ್ ಈಕ್ವಿಪ್‌ಮೆಂಟ್ ಕಂಪನಿ ಆಯಿತು. ಆಗಿನ್ನೂ ಅವರ ಮನಸ್ಸಿನಲ್ಲಿ ಸಾಮಾನು ಸಾಗಿಸುವ ಯಂತ್ರ ಮಾರುವ ಯೋಚನೆ ಇರಲಿಲ್ಲ.

ಹಾಗಾದರೆ ಮೊದಲ ಯಂತ್ರ ಬಂದಿದ್ದು ಹೇಗೆ?

1917ರಲ್ಲಿ, ಬುಕ್ಯಾನನ್‌ನ ಆಕ್ಸಲ್ ಕಾರ್ಖಾನೆಯ ಒಳಗೇ. ಆಕ್ಸಲ್ ಕಾರ್ಖಾನೆ ಅಂದರೆ ಅಲ್ಲಿ ಎಲ್ಲವೂ ಭಾರ. ಎರಕ ಹೊಯ್ದ ಉಕ್ಕಿನ ತುಂಡುಗಳು, ಅಚ್ಚಿಗೆ ಬೇಕಾದ ಮರಳು, ಅರ್ಧ ಮುಗಿದ ಭಾಗಗಳು. ಇವನ್ನೆಲ್ಲ ಒಂದು ಶೆಡ್‌ನಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲೇ ಜನರ ಬೆನ್ನು ಮುರಿಯುತ್ತಿತ್ತು. ಅಲ್ಲಿನ ಕೆಲಸಗಾರರು ತಮಗೆ ಬೇಕು ಅಂತ ಮೂರು ಚಕ್ರದ ಒಂದು ಪೆಟ್ರೋಲ್ ಬಂಡಿ ಕಟ್ಟಿಕೊಂಡರು. ಅದೇ ಟ್ರಕ್‌ಟ್ರಾಕ್ಟರ್. ಅದಕ್ಕೆ ಫೋರ್ಕ್ ಇರಲಿಲ್ಲ, ಎತ್ತುವ ಕಂಬವೂ ಇರಲಿಲ್ಲ. ಸಾಮಾನು ಹೊತ್ತು ಓಡುವುದಷ್ಟೇ ಅದರ ಕೆಲಸ.

ಆಕ್ಸಲ್ ಕೊಳ್ಳಲು ಬಂದ ಬೇರೆ ಕಂಪನಿಯವರ ಕಣ್ಣು ಆ ಬಂಡಿಯ ಮೇಲೆ ಬಿತ್ತು. ನಮಗೂ ಒಂದು ಮಾಡಿಕೊಡಿ ಅಂತ ಕೇಳಲು ಶುರು ಮಾಡಿದರು. 1919ರ ಹೊತ್ತಿಗೆ ಇದಕ್ಕೆಂದೇ ಕ್ಲಾರ್ಕ್ ಟ್ರಕ್‌ಟ್ರಾಕ್ಟರ್ ಅನ್ನುವ ಬೇರೆ ಕಂಪನಿ ಮಾಡಬೇಕಾಯಿತು. ಮಾರುಕಟ್ಟೆ ಸಮೀಕ್ಷೆ, ಜಾಹೀರಾತು ಯಾವುದೂ ಇಲ್ಲದೆ ಬಂದ ಗಿರಾಕಿಗಳಿವರು. ಬಳಸುವವರೇ ಕಟ್ಟಿದ ಯಂತ್ರ ಆಗಿದ್ದರಿಂದ ನೋಡಿದ ತಕ್ಷಣ ಅದರ ಉಪಯೋಗ ಎಲ್ಲರಿಗೂ ಅರ್ಥವಾಗುತ್ತಿತ್ತು.

ಜಗತ್ತಿನ ಮೊದಲ ಫೋರ್ಕ್‌ಲಿಫ್ಟ್ ಕ್ಲಾರ್ಕ್‌ದೇ ಅಂತ ಹೇಳಬಹುದಾ?

ಹಾಗೆ ಒಂದೇ ಮಾತಿನಲ್ಲಿ ಹೇಳಿದರೆ ಬೇರೆಯವರಿಗೆ ಅನ್ಯಾಯವಾಗುತ್ತದೆ. 1906ರಲ್ಲೇ ಪೆನ್ಸಿಲ್ವೇನಿಯಾ ರೈಲ್ವೆಯವರು ಆಲ್ಟೂನಾ ನಿಲ್ದಾಣದಲ್ಲಿ ಲಗೇಜು ಸಾಗಿಸಲು ಬ್ಯಾಟರಿ ಗಾಡಿ ಬಳಸಿದ್ದರು. ಮೊದಲ ಮಹಾಯುದ್ಧದಲ್ಲಿ ಆಳುಗಳ ಕೊರತೆ ಬಂದಾಗ ಇನ್ನೂ ಹಲವರು ಈ ದಾರಿ ಹಿಡಿದರು. 1919ರಲ್ಲಿ ಟೋಮೋಟರ್, 1920ರಲ್ಲಿ ಯೇಲ್ ಆ್ಯಂಡ್ ಟೌನ್ ಇದೇ ವ್ಯಾಪಾರಕ್ಕೆ ಇಳಿದವು. ಫೋರ್ಕ್‌ಲಿಫ್ಟ್ ಒಬ್ಬರ ತಲೆಯಿಂದ ಒಂದೇ ದಿನ ಬಂದ ವಸ್ತು ಅಲ್ಲ. ಎಂಜಿನ್ ಹಾಕಿದ ಕಾರ್ಖಾನೆ ಬಂಡಿಯನ್ನು ಮೊದಲು ಮಾಡಿದ್ದು ಮತ್ತು ಎತ್ತುವುದಕ್ಕೆ ಹೈಡ್ರಾಲಿಕ್ ಶಕ್ತಿಯನ್ನು (ಎಣ್ಣೆಯ ಒತ್ತಡದ ಬಲವನ್ನು) ಶುರುವಿನಲ್ಲೇ ತಂದಿದ್ದು, ಇವೆರಡು ಕ್ಲಾರ್ಕ್‌ಗೆ ಸಲ್ಲಬೇಕಾದ ಶ್ರೇಯ.

ಎತ್ತುವ ಕೆಲಸ ಯಾವಾಗ ಸೇರಿತು?

1920ರ ದಶಕದಲ್ಲಿ, ಹಂತ ಹಂತವಾಗಿ. ಮೊದಲು ಟ್ರಕ್‌ಲಿಫ್ಟ್ ಬಂತು. ಅದು ಸಾಮಾನಿಟ್ಟ ಹಲಗೆಯನ್ನು ಹೈಡ್ರಾಲಿಕ್ ಬಲದಿಂದ ನೆಲ ಬಿಡುವಷ್ಟು ಎತ್ತುತ್ತಿತ್ತು. ಆಮೇಲೆ ಡುಆಟ್ ಅನ್ನುವ ಯಂತ್ರ. 1928ರ ಟ್ರಕ್‌ಟಿಯರ್ ಒಂದರ ಮೇಲೊಂದು ಪೇರಿಸುವುದಕ್ಕೇ ಮಾಡಿದ ಯಂತ್ರ. ಇಲ್ಲಿಂದ ಗೋದಾಮಿನ ಲೆಕ್ಕವೇ ಬದಲಾಯಿತು. ಅದುವರೆಗೆ ಆಳಿನ ಕೈಗೆ ಎಟಕುವ ಎತ್ತರದವರೆಗೆ ಮಾತ್ರ ಸಾಮಾನು ಪೇರಿಸಬಹುದಿತ್ತು. ಅದರ ಮೇಲಿನ ಜಾಗ ಖಾಲಿ ಬಿದ್ದಿರುತ್ತಿತ್ತು.

ಅಷ್ಟು ಭಾರ ಎತ್ತಿದರೂ ಅದು ಮುಂದಕ್ಕೆ ಮಗುಚಿಕೊಳ್ಳುವುದಿಲ್ಲ ಯಾಕೆ?

ಫೋರ್ಕ್‌ಲಿಫ್ಟ್ ಒಂದು ತಕ್ಕಡಿ. ಮುಂದಿನ ಆಕ್ಸಲ್ ಅದರ ನಡುಗಂಬ. ಒಂದು ಕಡೆ ಫೋರ್ಕ್ ಮೇಲಿನ ಸಾಮಾನು, ಇನ್ನೊಂದು ಕಡೆ ಎಂಜಿನ್ ಮತ್ತು ಹಿಂಬದಿಯ ದಪ್ಪ ಎರಕದ ಕಬ್ಬಿಣ. ಬ್ಯಾಟರಿ ಯಂತ್ರದಲ್ಲಿ ಬ್ಯಾಟರಿಯ ತೂಕವೂ ಇದಕ್ಕೇ ಉಪಯೋಗ ಆಗುತ್ತದೆ. ಹಾಗಾಗಿ ಎಷ್ಟು ತೂಕ ಅನ್ನುವುದರ ಜೊತೆಗೆ ಆ ತೂಕ ಎಷ್ಟು ದೂರದಲ್ಲಿದೆ ಅನ್ನುವುದೂ ಮುಖ್ಯ. ಅಮೆರಿಕದ ಸಾಮಾನ್ಯ ಯಂತ್ರಗಳ ಫಲಕದಲ್ಲಿ ಬರೆದ ಸಾಮರ್ಥ್ಯವನ್ನು ಫೋರ್ಕ್‌ನ ಬುಡದಿಂದ 24 ಇಂಚು ದೂರಕ್ಕೆ ಲೆಕ್ಕ ಹಾಕಿರುತ್ತಾರೆ. ಅದೇ ತೂಕದ ಪೆಟ್ಟಿಗೆ ಉದ್ದವಾಗಿದ್ದು ಅದರ ಭಾರ ಇನ್ನೂ ಮುಂದಕ್ಕೆ ಹೋದರೆ ಆ ಲೆಕ್ಕ ನಿಲ್ಲುವುದಿಲ್ಲ.

ಪಕ್ಕಕ್ಕೆ ಬೀಳುವುದು ಬೇರೆ ಸಮಸ್ಯೆ. ಹಿಂದಿನ ಆಕ್ಸಲ್ ಮಧ್ಯದ ಒಂದು ಗೂಟದ ಮೇಲೆ ಅಲುಗಾಡುತ್ತದೆ. ಆದ್ದರಿಂದ ನಾಲ್ಕು ಚಕ್ರ ಇದ್ದರೂ ಯಂತ್ರ ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆ ಗೂಟ. ಭಾರದ ಕೇಂದ್ರ ಈ ತ್ರಿಕೋನದ ಹೊರಗೆ ಹೋದರೆ ಉರುಳಿತು ಅಂತಲೇ. ಸಾಮಾನು ಮೇಲೆತ್ತಿಕೊಂಡು ತಿರುವಿನಲ್ಲಿ ಜೋರಾಗಿ ಹೋಗಬಾರದು ಅನ್ನುವುದು ಇದಕ್ಕೇ.

ಹಿಂದಿನ ಚಕ್ರ ತಿರುಗುವುದು ಯಾಕೆ?

ಸಾಮಾನು ಎತ್ತಿದಾಗ ಭಾರದ ಹೆಚ್ಚು ಭಾಗ ಮುಂದಿನ ಚಕ್ರಗಳ ಮೇಲೆ ಇರುತ್ತದೆ. ಅವನ್ನು ತಿರುಗಿಸುವುದು ಕಷ್ಟ. ಹಿಂದಿನ ಚಕ್ರ ತಿರುಗಿಸಿದರೆ ಇಕ್ಕಟ್ಟಾದ ಸಾಲುಗಳ ನಡುವೆ ಹೆಚ್ಚುಕಮ್ಮಿ ನಿಂತ ಜಾಗದಲ್ಲೇ ತಿರುಗಬಹುದು. ಆದರೆ ಹಿಂಬದಿ ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವರು ಹುಷಾರಾಗಿರಬೇಕು.

ಪ್ಯಾಲೆಟ್ ಮೊದಲು ಬಂತೋ, ಫೋರ್ಕ್‌ಲಿಫ್ಟ್ ಮೊದಲು ಬಂತೋ?

ಒಂದನ್ನೊಂದು ಬೆಳೆಸಿದವು ಅನ್ನುವುದೇ ಸರಿ. ಸಾಮಾನು ಇಡುವ ಮರದ ಹಲಗೆಗಳು ಮೊದಲೇ ಇದ್ದವು. ಫೋರ್ಕ್ ಇರುವ ಯಂತ್ರ ಬಂದ ಮೇಲೆ ಮೇಲೂ ಕೆಳಗೂ ಪಟ್ಟಿ ಹೊಡೆದ, ಒಂದರ ಮೇಲೊಂದು ಪೇರಿಸಬಹುದಾದ ಪ್ಯಾಲೆಟ್ ಬಂತು. ಪ್ಯಾಲೆಟ್ ಇಲ್ಲದಿದ್ದರೆ ಫೋರ್ಕ್‌ಗೆ ಕೆಲಸ ಕಡಿಮೆ. ಫೋರ್ಕ್ ಇಲ್ಲದಿದ್ದರೆ ಪ್ಯಾಲೆಟ್ ಸುಮ್ನೆ ಒಂದು ಮರದ ಚೌಕಟ್ಟು.

ಇದರಿಂದ ಎಷ್ಟು ಉಳಿತಾಯ ಅನ್ನುವುದಕ್ಕೆ 1931ರ ಅಮೆರಿಕದ ರೈಲ್ವೆ ಪತ್ರಿಕೆಯೊಂದರ ಲೆಕ್ಕವನ್ನು ಜನ ಇವತ್ತಿಗೂ ಹೇಳುತ್ತಾರೆ. 13,000 ಪೆಟ್ಟಿಗೆ ಡಬ್ಬಿ ಆಹಾರ ತುಂಬಿದ ರೈಲು ಡಬ್ಬಿಯನ್ನು ಬಿಡಿಬಿಡಿಯಾಗಿ ಇಳಿಸಲು ಮೂರು ದಿನ ಬೇಕಾಯಿತಂತೆ. ಅಷ್ಟೇ ಸಾಮಾನು ಪ್ಯಾಲೆಟ್ ಮೇಲಿದ್ದಾಗ ನಾಲ್ಕು ಗಂಟೆಯಲ್ಲಿ ಮುಗಿಯಿತು. ಕ್ಲಾರ್ಕ್ 1938ರಲ್ಲಿ ತಂದ ಕಾರ್‌ಲೋಡರ್ ಈ ಕೆಲಸಕ್ಕೇ ಹೇಳಿ ಮಾಡಿಸಿದ್ದು. ರೈಲು ಡಬ್ಬಿಯ ಬಾಗಿಲಲ್ಲಿ ನುಗ್ಗಿ, ಒಳಗೇ ತಿರುಗಿ ಬರುವಷ್ಟು ಅಡಕ. ಈಗಿನ ಫೋರ್ಕ್‌ಲಿಫ್ಟ್ ನೋಡಿದವರು ಕಾರ್‌ಲೋಡರ್‌ನ ಚಿತ್ರ ನೋಡಿದರೆ ಥಟ್ಟನೆ ಗುರುತು ಹಿಡಿಯುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಕ್ಲಾರ್ಕ್ ಏನು ಮಾಡಿತು?

ಯುದ್ಧ ಅಂದರೆ ನಮಗೆ ಟ್ಯಾಂಕು, ವಿಮಾನ ನೆನಪಾಗುತ್ತದೆ. ಆದರೆ ಗುಂಡು, ಔಷಧಿ, ಊಟ, ಇಂಧನ ಸಮುದ್ರ ದಾಟಿ ಸೈನಿಕನ ಕೈ ಸೇರದಿದ್ದರೆ ಟ್ಯಾಂಕಿನಿಂದ ಏನೂ ಆಗುವುದಿಲ್ಲ. ಅಮೆರಿಕದ ಸೇನೆ ಮತ್ತು ನೌಕಾಪಡೆಗೆ ಬೇಕಾದ ಫೋರ್ಕ್‌ಲಿಫ್ಟ್‌ಗಳಲ್ಲಿ ಬಹುಪಾಲು ಕ್ಲಾರ್ಕ್‌ನಿಂದ ಹೋದವು. ಆಗ ಈ ಯಂತ್ರಗಳ ಕೆಲಸ ಬುಕ್ಯಾನನ್‌ನಿಂದ ಅದೇ ರಾಜ್ಯದ ಬ್ಯಾಟಲ್ ಕ್ರೀಕ್‌ಗೆ ಬಂದಾಗಿತ್ತು. ಕೆಲ್ಲಾಗ್ಸ್ ಕಾರ್ನ್‌ಫ್ಲೇಕ್ಸ್ ಹುಟ್ಟಿದ ಊರೂ ಅದೇ.

ಪ್ಯಾಲೆಟ್ ಪದ್ಧತಿ ಗಟ್ಟಿಯಾಗಿದ್ದು ಈ ಯುದ್ಧದಲ್ಲೇ. ನೌಕಾಪಡೆಯಲ್ಲಿದ್ದ ನಾರ್ಮನ್ ಕಾನರ್ಸ್ ಎಂಬ ಅಧಿಕಾರಿ ನಾಲ್ಕೂ ಕಡೆಯಿಂದ ಫೋರ್ಕ್ ತೂರಿಸಬಹುದಾದ ಪ್ಯಾಲೆಟ್ ರೂಪಿಸಿದರು. ಯುದ್ಧ ಮುಗಿದು ಮನೆಗೆ ಬಂದ ಲಕ್ಷಾಂತರ ಜನ ಈ ಪದ್ಧತಿಯನ್ನು ಕಣ್ಣಾರೆ ಕಂಡಿದ್ದರು. ಅವರೇ ಆಮೇಲೆ ಕಾರ್ಖಾನೆ, ಗೋದಾಮುಗಳಲ್ಲಿ ಕೆಲಸಕ್ಕೆ ಸೇರಿದರು. ಫೋರ್ಕ್‌ಲಿಫ್ಟ್ ಯಾಕೆ ಬೇಕು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಲಾರ್ಕ್ ಇನ್ನೊಂದು ಯಂತ್ರವನ್ನೂ ಮಾಡಿತು. ಎಂಜಿನ್ ಇಲ್ಲದ ಗ್ಲೈಡರ್ ವಿಮಾನದ ಹೊಟ್ಟೆಯಲ್ಲಿ ಹಿಡಿಸುವಷ್ಟು ಪುಟ್ಟ ಬುಲ್ಡೋಜರ್. ಶತ್ರುಗಳ ಹಿಂದೆ ಇಳಿದು ವಿಮಾನಕ್ಕೆ ಓಡುದಾರಿ ಸಮ ಮಾಡಲು ಅದು ಬೇಕಾಗಿತ್ತು. ಯೂಜೀನ್ ಕ್ಲಾರ್ಕ್ ಯುದ್ಧದ ನಡುವೆಯೇ, 1942ರಲ್ಲಿ ತೀರಿಕೊಂಡರು.

ಫೋರ್ಕ್‌ಲಿಫ್ಟ್ ಬಿಟ್ಟು ಬೇರೆ ಏನೇನು ಮಾಡುತ್ತಿದ್ದರು?

ತುಂಬಾ. ಆಕ್ಸಲ್ ಮತ್ತು ಗೇರ್‌ಬಾಕ್ಸ್ ಕೊನೆಯವರೆಗೂ ಇತ್ತು. 1930ರ ದಶಕದಲ್ಲಿ ಹೊಸ ಮಾದರಿಯ ಟ್ರಾಮ್‌ಗಳಿಗೆ ಚಕ್ರದ ಚೌಕಟ್ಟು ಮಾಡಿದರು. 1936ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗಾಗಿ ಅಲ್ಯೂಮಿನಿಯಂ ಮೈಯ ಒಂದೇ ಒಂದು ಟ್ರಾಮನ್ನು ಪೂರ್ತಿಯಾಗಿ ತಾವೇ ಕಟ್ಟಿದರು. 1950ರ ದಶಕದಲ್ಲಿ ಮಿಶಿಗನ್ ಹೆಸರಿನ ಲೋಡರ್‌ಗಳು (ಮಣ್ಣು, ಜಲ್ಲಿ ಎತ್ತಿ ತುಂಬುವ ಯಂತ್ರಗಳು) ಬಂದವು. ಅಂಗಡಿಗಳಿಗೆ ಫ್ರಿಜ್ ಮಾಡುವ ಟೈಲರ್ ಕಂಪನಿಯನ್ನೂ ಕೊಂಡರು. ಇದು ಯಾಕೆ ಬೇಕಿತ್ತು ಅಂತ ನನಗೆ ಅನಿಸುತ್ತದೆ. ಗಮನ ಅಷ್ಟು ದಿಕ್ಕಿಗೆ ಹಂಚಿಹೋದರೆ ಮೂಲ ಕೆಲಸ ಬಡವಾಗುತ್ತದೆ.

ಇವುಗಳಲ್ಲಿ ಚಿನ್ನದಂಥ ಖರೀದಿ 1969ರದ್ದು. ನಾರ್ತ್ ಡಕೋಟಾದ ಮೆಲ್ರೋ ಕಂಪನಿ, ಅಂದರೆ ಬಾಬ್‌ಕ್ಯಾಟ್ ಹೆಸರಿನ ಸಣ್ಣ ಲೋಡರ್ ಮಾಡುವವರು. ಅದರ ಮೂಲವೂ ಇಂಥದ್ದೇ. ಟರ್ಕಿ ಕೋಳಿ ಸಾಕುವ ರೈತರೊಬ್ಬರಿಗೆ ಕೊಟ್ಟಿಗೆಯ ಒಳಗೆ ತಿರುಗಾಡಿ ಗೊಬ್ಬರ ಎತ್ತುವ ಸಣ್ಣ ಯಂತ್ರ ಬೇಕಿತ್ತು. ಕೆಲ್ಲರ್ ಎಂಬ ಇಬ್ಬರು ಸಹೋದರರು ಅದನ್ನು 1957ರಲ್ಲಿ ಮಾಡಿಕೊಟ್ಟರು.

ಸೀಟ್ ಬೆಲ್ಟ್‌ಗೂ ಕ್ಲಾರ್ಕ್‌ಗೂ ಏನು ಸಂಬಂಧ?

ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಇದು.

ಫೋರ್ಕ್‌ಲಿಫ್ಟ್ ಪಕ್ಕಕ್ಕೆ ಉರುಳುವಾಗ ಯಾರಿಗಾದರೂ ಹೊರಗೆ ಹಾರಬೇಕು ಅನಿಸುತ್ತದೆ. ಅದು ಮನುಷ್ಯನ ಸಹಜ ಬುದ್ಧಿ. ಆದರೆ ಹಾರಿದವರು ಹೆಚ್ಚಾಗಿ ಯಂತ್ರ ಬೀಳುವ ಕಡೆಗೇ ಬೀಳುತ್ತಾರೆ. ತಲೆಯ ಮೇಲಿನ ರಕ್ಷಣೆಯ ಚೌಕಟ್ಟು ಇದೆಯಲ್ಲ, ಅದೇ ಅವರ ಎದೆ ಅಥವಾ ತಲೆಯ ಮೇಲೆ ಬಂದು ಅಪ್ಪಳಿಸುತ್ತದೆ. ಸಣ್ಣ ಯಂತ್ರವೇ ಟನ್‌ಗಟ್ಟಲೆ ತೂಗುತ್ತದೆ. ಸೀಟಿನಲ್ಲೇ ಉಳಿದವರು ಬದುಕುವ ಸಾಧ್ಯತೆ ಬಹಳ ಹೆಚ್ಚು.

1980ರ ದಶಕದ ಆರಂಭದಲ್ಲಿ ಕ್ಲಾರ್ಕ್ ಇದಕ್ಕೆ ಒಂದು ಉಪಾಯ ತಂದಿತು. ಎರಡೂ ಪಕ್ಕದಲ್ಲಿ ಮೈಯನ್ನು ತಡೆಯುವ ರೆಕ್ಕೆಗಳಿರುವ ಸೀಟು, ಜೊತೆಗೆ ಬೆಲ್ಟ್. ಈ ವಿನ್ಯಾಸವನ್ನು ತನ್ನ ಬಳಿಯೇ ಬಚ್ಚಿಟ್ಟುಕೊಳ್ಳದೆ ಪೈಪೋಟಿಯ ಕಂಪನಿಗಳೂ ಬಳಸಲು ಬಿಟ್ಟಿತು. ಇವತ್ತು ಕೂತು ಓಡಿಸುವ ಯಾವ ಕಂಪನಿಯ ಹೊಸ ಫೋರ್ಕ್‌ಲಿಫ್ಟ್ ಹತ್ತಿದರೂ ಬೆಲ್ಟ್ ಇರುತ್ತದೆ, ಅಲ್ವಾ? ಆಪರೇಟರ್‌ಗಳಿಗೆ ಹೇಳಿಕೊಡುವ ಪಾಠವೂ ಅದೇ: ಹಾರಬೇಡಿ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಿರಿ, ಕಾಲು ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ. ಬೆಲ್ಟ್ ಕಿರಿಕಿರಿ ಅಂತ ಹಿಂದಕ್ಕೆ ಕಟ್ಟಿ ಇಡುವವರು ಇದನ್ನು ಒಮ್ಮೆ ಓದಲಿ ಅನ್ನುವುದು ನನ್ನ ಆಸೆ.

ಇಷ್ಟೆಲ್ಲ ಮಾಡಿದ ಕಂಪನಿ ಸೊರಗಿದ್ದು ಯಾಕೆ?

ಒಂದೇ ಕಾರಣ ಇಲ್ಲ. 1956ರಲ್ಲಿ ಟೊಯೋಟಾ ತನ್ನ ಮೊದಲ ಫೋರ್ಕ್‌ಲಿಫ್ಟ್ ತಂದಿತು. 1970 ಮತ್ತು 80ರ ದಶಕದಲ್ಲಿ ಜಪಾನಿನ ಯಂತ್ರಗಳು ಅಮೆರಿಕಕ್ಕೆ ಕಡಿಮೆ ಬೆಲೆಗೆ ಬಂದವು. ಗಟ್ಟಿಯಾಗಿಯೂ ಇದ್ದವು. ಅದೇ ಹೊತ್ತಿಗೆ, 1980ರ ದಶಕದ ಶುರುವಿನಲ್ಲಿ ಅಮೆರಿಕದ ಆರ್ಥಿಕತೆ ಕುಸಿದು ಕಾರ್ಖಾನೆಗಳು ಹೊಸ ಯಂತ್ರ ಕೊಳ್ಳುವುದನ್ನೇ ನಿಲ್ಲಿಸಿದವು. 1988ರಲ್ಲಿ ಅಮೆರಿಕ ಸರ್ಕಾರ ಜಪಾನಿನ ಎಂಜಿನ್ ಫೋರ್ಕ್‌ಲಿಫ್ಟ್‌ಗಳ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಅದರಿಂದ ಹಳೆಯ ಕಾಲ ವಾಪಸ್ ಬರಲಿಲ್ಲ. 1990ರಲ್ಲಿ ಟೊಯೋಟಾ ಇಂಡಿಯಾನಾದ ಕೊಲಂಬಸ್‌ನಲ್ಲಿ ಕಾರ್ಖಾನೆಯನ್ನೇ ತೆರೆದು ಅಲ್ಲೇ ಯಂತ್ರ ಮಾಡತೊಡಗಿತು.

ಅಪಘಾತಗಳ ಮೇಲೆ ಹೂಡಿದ ಮೊಕದ್ದಮೆಗಳ ಹೊರೆಯೂ ಕ್ಲಾರ್ಕ್ ಮೇಲಿತ್ತು. ದಶಕಗಳ ಕಾಲ ಮಾರಿದ ಯಂತ್ರಗಳು ಎಲ್ಲೆಲ್ಲೂ ಓಡುತ್ತಿದ್ದವು, ಅವುಗಳ ಹೊಣೆ ಹಿಂದೆಯೇ ಬರುತ್ತಿತ್ತು. ಬ್ಯಾಟಲ್ ಕ್ರೀಕ್ ಕಾರ್ಖಾನೆ ಮುಚ್ಚಿತು. ಕೆಲಸ ಕೆಂಟಕಿ ರಾಜ್ಯಕ್ಕೆ ಹೋಯಿತು. ಕಾರ್ಖಾನೆ ನೆಲದಿಂದ ಯಂತ್ರ ಕಲಿತ ಕಂಪನಿ ಆ ನೆಲವನ್ನೇ ಬಿಟ್ಟುಬಂದಂತಾಯಿತು.

ಆಮೇಲೆ ಯಾರ ಯಾರ ಕೈಗೆ ಹೋಯಿತು?

ಬೇಗ ಬೇಗ ಹೇಳುತ್ತೇನೆ. 1985ರಲ್ಲಿ ಲೋಡರ್ ವ್ಯಾಪಾರವನ್ನು ವೋಲ್ವೋ ಜೊತೆಗಿನ ಪಾಲುದಾರಿಕೆಗೆ ಸೇರಿಸಿದರು, ಅದು ಕೊನೆಗೆ ಪೂರ್ತಿ ವೋಲ್ವೋದ್ದಾಯಿತು. 1992ರಲ್ಲಿ ಫೋರ್ಕ್‌ಲಿಫ್ಟ್ ವಿಭಾಗವನ್ನು ಟೆರೆಕ್ಸ್‌ಗೆ ಮಾರಿದರು. 1996ರಲ್ಲಿ ಟೆರೆಕ್ಸ್ ಅದನ್ನು ಸಿಟಿಕಾರ್ಪ್ ವೆಂಚರ್ ಕ್ಯಾಪಿಟಲ್ ಅನ್ನುವ, ಬೇರೆ ಕಂಪನಿಗಳಲ್ಲಿ ಹಣ ಹೂಡುವ ಸಂಸ್ಥೆಗೆ ಮಾರಿತು. 1998ರಲ್ಲಿ ಕೊರಿಯಾದ ಸ್ಯಾಮ್‌ಸಂಗ್‌ನ ಫೋರ್ಕ್‌ಲಿಫ್ಟ್ ವ್ಯಾಪಾರವನ್ನು ಕ್ಲಾರ್ಕ್ ಕೊಂಡಿತು. 2000ದಲ್ಲಿ ಅಮೆರಿಕದ ಕಂಪನಿ ದಿವಾಳಿ ರಕ್ಷಣೆಗೆ ಕೋರ್ಟಿನ ಮೊರೆ ಹೋಯಿತು. 2003ರಲ್ಲಿ ಕೊರಿಯಾದ ಯಂಗ್ ಆನ್ ಹ್ಯಾಟ್ ಕಂಪನಿಯ ಪಾಲಾಯಿತು.

ಬಾಬ್‌ಕ್ಯಾಟ್ ಮತ್ತು ಕ್ಲಾರ್ಕ್ ಈಗಲೂ ಒಂದೇನಾ?

ಇಲ್ಲ. ಇಲ್ಲಿ ಜನ ಗೊಂದಲ ಮಾಡಿಕೊಳ್ಳುವುದು ಸಹಜ. 1992ರಲ್ಲಿ ಮಾರಿದ್ದು ಫೋರ್ಕ್‌ಲಿಫ್ಟ್ ಭಾಗವನ್ನು ಮಾತ್ರ. ಮೂಲ ಕ್ಲಾರ್ಕ್ ಈಕ್ವಿಪ್‌ಮೆಂಟ್ ಕಂಪನಿ ಬಾಬ್‌ಕ್ಯಾಟ್ ಇಟ್ಟುಕೊಂಡು ಮುಂದುವರಿಯಿತು. 1995ರಲ್ಲಿ ಇಂಗರ್ಸಾಲ್ ರ‍್ಯಾಂಡ್ ಅದನ್ನು ಸುಮಾರು 150 ಕೋಟಿ ಡಾಲರ್‌ಗೆ ಕೊಂಡಿತು. 2007ರಲ್ಲಿ ಬಾಬ್‌ಕ್ಯಾಟ್ ಕೊರಿಯಾದ ದೂಸಾನ್ ಕೈಗೆ ಹೋಯಿತು. ಹಾಗಾಗಿ ಒಂದೇ ಮೂಲದ ಎರಡು ಕವಲುಗಳೂ ಬೇರೆ ಬೇರೆ ದಾರಿಯಲ್ಲಿ ಕೊರಿಯಾ ಸೇರಿದವು. ಬಿಡಿಭಾಗ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಿ. ಬಾಬ್‌ಕ್ಯಾಟ್ ಡೀಲರ್ ಹತ್ತಿರ ಕ್ಲಾರ್ಕ್ ಫೋರ್ಕ್‌ಲಿಫ್ಟ್‌ನ ಭಾಗ ಕೇಳಿದರೆ ಸಿಗುವುದಿಲ್ಲ.

ಟೋಪಿ ಮಾಡುವ ಕಂಪನಿ ಫೋರ್ಕ್‌ಲಿಫ್ಟ್ ಕಂಪನಿಯನ್ನು ಕೊಂಡಿದ್ದು ನಿಜವಾ?

ನಿಜ. ಬೇಕ್ ಸುಂಗ್ ಹಕ್ ಅವರು 1959ರಲ್ಲಿ ಕಟ್ಟಿದ ಯಂಗ್ ಆನ್, ಬೇಸ್‌ಬಾಲ್ ಟೋಪಿಗಳಿಂದ ಬೆಳೆದ ಕಂಪನಿ. ಟೋಪಿ ಎಲ್ಲಿ, ಉಕ್ಕು ಎಲ್ಲಿ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅವರು ಅದೇ ಕಾಲದಲ್ಲಿ ದೇವೂ ಬಸ್ ಕಾರ್ಖಾನೆಯನ್ನೂ ವಹಿಸಿಕೊಂಡರು. ಕ್ಲಾರ್ಕ್‌ನ ಕೊರಿಯಾ ಕಾರ್ಖಾನೆಯಲ್ಲಿ ಯಂತ್ರ ಮಾಡಬಲ್ಲ ಜನ ಇದ್ದರು, ಅಮೆರಿಕದಲ್ಲಿ ಡೀಲರ್‌ಗಳ ಹಳೆಯ ಜಾಲ ಇತ್ತು. ಕಮ್ಮಿಯಾಗಿದ್ದು ನಿಧಾನವಾಗಿ ಲಾಭ ನೋಡುವ ಮಾಲೀಕರು. ಹತ್ತು ವರ್ಷದೊಳಗೆ ಎರಡು ಸಲ ಕೈ ಬದಲಾಗಿ ದಿವಾಳಿಯವರೆಗೆ ಹೋಗಿದ್ದ ಹೆಸರು, ಯಂಗ್ ಆನ್ ಬಂದ ಮೇಲೆ ಎರಡು ದಶಕಕ್ಕೂ ಮೀರಿ ಒಂದೇ ಮನೆಯಲ್ಲಿ ಉಳಿಯಿತು.

ಹಳೆಯ ಕ್ಲಾರ್ಕ್ ಯಂತ್ರ ಸಿಕ್ಕರೆ ಮೊದಲು ಏನು ನೋಡಬೇಕು?

ಫಲಕ. ಚಾಲಕನ ಸೀಟಿನ ಹತ್ತಿರ ಒಂದು ಲೋಹದ ಫಲಕ ಇರುತ್ತದೆ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್, ಯಂತ್ರದ ತೂಕ, ಎಷ್ಟು ಎತ್ತರಕ್ಕೆ ಎಷ್ಟು ಭಾರ ಅನ್ನುವ ಲೆಕ್ಕ ಎಲ್ಲ ಇರುತ್ತದೆ. ಡೀಲರ್‌ಗೆ ಸೀರಿಯಲ್ ನಂಬರ್ ಕೊಟ್ಟರೆ ವರ್ಷ ಮತ್ತು ಸರಿಯಾದ ಬಿಡಿಭಾಗ ಹುಡುಕುವುದು ಸುಲಭ. ಫಲಕ ಅಳಿಸಿಹೋಗಿದ್ದರೆ ಹೊಸದು ಹಾಕಿಸುವವರೆಗೆ ಯಂತ್ರವನ್ನು ಕೆಲಸಕ್ಕೆ ಇಳಿಸಬೇಡಿ. ಆಮೇಲೆ ಮಾಸ್ಟ್‌ನ (ಎತ್ತುವ ಕಂಬದ) ಚೈನ್ ಎಳೆದುಕೊಂಡಿದೆಯಾ, ಫೋರ್ಕ್‌ನ ಮಡಿಕೆ ಸವೆದಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಬೆಲ್ಟ್ ಬರುವ ಮುಂಚಿನ ಕಾಲದ ಯಂತ್ರವಾದರೆ ಬೆಲ್ಟ್ ಇರುವ ಸೀಟು ಹಾಕಿಸಿಕೊಂಡೇ ಓಡಿಸಿ.